ಎಟಿಎಂ ಮಷೀನ್ ಅಂದರೆ ತಪ್ಪಾ, ಮೇಷ್ಟ್ರೇ?

ಪ್ರಶ್ನೆ: ನಾನು ತಿಪಟೂರಿನವನು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಯಾರಾದರೂ ‘ಎಟಿಎಂ ಮಷೀನ್’, ‘ಪಿನ್ ನಂಬರ್’ ಅಂದರೆ ನನಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಎಟಿಎಂನ ಕೊನೆಯ ಅಕ್ಷರವೇ ಮಷೀನ್, ಪಿನ್‌ನ ಕೊನೆಯ ಅಕ್ಷರವೇ ನಂಬರ್. ಇದು ಪುನರುಕ್ತಿ ದೋಷ ಅಲ್ವಾ? ಕಳೆದ ತಿಂಗಳು ಎಟಿಎಂನಲ್ಲಿ 5,000 ರೂಪಾಯಿ ತೆಗೆಯಲು ಹೋದೆ. ದುಡ್ಡು ಬರಲಿಲ್ಲ, ಖಾತೆಯಲ್ಲಿ ಕಟ್ ಆಯಿತು. ದೂರು ಬರೆಯೋಣ ಅನ್ನುವಷ್ಟರಲ್ಲಿ ಮೂರನೇ ದಿನ ತಾನಾಗಿಯೇ ವಾಪಸ್ ಬಂತು. ಬ್ಯಾಂಕಿಗೆ ಯಾರು ಹೇಳಿದರು? ಕಂಪ್ಯೂಟರ್ ಕೆಲಸದಲ್ಲಿರುವ ಮಗನನ್ನು ಕೇಳಿದರೆ, ‘ಅದೇ ಅಪ್ಪಾ, ರಿಡಂಡೆನ್ಸಿ. ನೀವು ಕೆಂಪು ಇಂಕಿನಲ್ಲಿ ಹೊಡೆದು ಹಾಕ್ತಿದ್ರಲ್ಲ, ಅದೇ’ ಅಂತ ನಕ್ಕ. ಒಂದೇ ಗುಣ ಭಾಷೆಯಲ್ಲಿ ದೋಷ, ಯಂತ್ರದಲ್ಲಿ ಒಳ್ಳೆಯದು ಹೇಗಾಗುತ್ತದೆ? ಇನ್ನೊಂದು ವಿಷಯ. ಕಳ್ಳ ಹಿಡಿದುಕೊಂಡರೆ ಪಿನ್ನನ್ನು ಹಿಂದುಮುಂದಾಗಿ ಒತ್ತಿ, ಪೊಲೀಸರಿಗೆ ಸುದ್ದಿ ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?

ಉತ್ತರ: ಮೇಷ್ಟ್ರೇ, ಕೊನೆಯದನ್ನು ಮೊದಲು ಮುಗಿಸಿಬಿಡೋಣ. ಅದು ಸುಳ್ಳು. ಪಿನ್ ಉಲ್ಟಾ ಒತ್ತಿದರೆ ‘ತಪ್ಪು ಪಿನ್’ ಅಂತ ಬರುತ್ತದೆ, ಅಷ್ಟೇ. ಮೂರು ಸಲ ಒತ್ತಿದರೆ ಕಾರ್ಡ್ ಬ್ಲಾಕ್ ಆಗುತ್ತದೆ, ಪೊಲೀಸರು ಬರುವುದಿಲ್ಲ. ಈ ಕಥೆಯಲ್ಲಿ ಒಂದೇ ಒಂದು ಎಳೆ ನಿಜ. 1990ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬರು ಇಂಥ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಬ್ಯಾಂಕುಗಳು ಅದನ್ನು ಕೊಳ್ಳಲಿಲ್ಲ. ಕೊಳ್ಳದಿದ್ದುದೇ ಸರಿ ಅನ್ನಿ. ನಿಮ್ಮ ಪಿನ್ 2442 ಆಗಿದ್ದರೆ ಉಲ್ಟಾ ಮಾಡಿದರೂ ಅದೇ. ನಾಲ್ಕಂಕಿಯ 10,000 ಪಿನ್‌ಗಳಲ್ಲಿ ನೂರು ಹೀಗೆ ಎರಡೂ ಕಡೆಯಿಂದ ಒಂದೇ. ಅದೂ ಅಲ್ಲದೆ, ಕುತ್ತಿಗೆಗೆ ಚಾಕು ಹಿಡಿದಾಗ ಪಿನ್ ನೆಟ್ಟಗೆ ನೆನಪಾಗುವುದೇ ಕಷ್ಟ. ‘ಕಾರ್ಡ್ ಹಾಕುವ ಮೊದಲು ಕ್ಯಾನ್ಸಲ್ ಬಟನ್ ಎರಡು ಸಲ ಒತ್ತಿ’ ಅನ್ನುವುದೂ ಇದೇ ಜಾತಿಯ ಸುದ್ದಿ. ಅದನ್ನೂ ಡಿಲೀಟ್ ಮಾಡಿ.

ಇನ್ನು ನಿಮ್ಮ 5,000 ರೂಪಾಯಿ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಟಿಎಂ ವಿಭಾಗದಲ್ಲೇ ಕೆಲಸ ಮಾಡಿದವನು. ಇಂಥ ದೂರುಗಳಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಂದು ಏನಾಯಿತು ಅಂತ ಹೆಚ್ಚು ಕಡಿಮೆ ಕಣ್ಣಿಗೆ ಕಟ್ಟಿದ ಹಾಗೆ ಹೇಳಬಲ್ಲೆ.

ನೀವು ಮೊತ್ತ ಒತ್ತಿದ ಕೂಡಲೇ ಯಂತ್ರ ಒಂದು ಸಂದೇಶ ಕಳಿಸಿತು. ಅದರ ತಲೆಯ ಮೇಲೆ 0200 ಅಂತ ಇರುತ್ತದೆ. ‘ಇಂಥ ಕಾರ್ಡಿನವರು ಇಷ್ಟು ದುಡ್ಡು ಕೇಳುತ್ತಿದ್ದಾರೆ, ಕೊಡಲಾ?’ ಅಂತ ಅದರ ಅರ್ಥ. ಯಂತ್ರ ಬೇರೆ ಬ್ಯಾಂಕಿನದಾಗಿದ್ದರೆ ಸಂದೇಶ ನ್ಯಾಷನಲ್ ಫೈನಾನ್ಶಿಯಲ್ ಸ್ವಿಚ್ ಅನ್ನುವ ಕೂಡುದಾರಿಯ ಮೂಲಕ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. 2004ರಲ್ಲಿ ಶುರುವಾದ ಆ ಸ್ವಿಚ್ಚನ್ನು 2009ರಿಂದ ಎನ್‌ಪಿಸಿಐ, ಅಂದರೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್, ನೋಡಿಕೊಳ್ಳುತ್ತಿದೆ. ನಿಮ್ಮ ಬ್ಯಾಂಕು ಖಾತೆ ನೋಡಿತು, 5,000 ಕಳೆಯಿತು, 0210 ಅನ್ನುವ ಉತ್ತರ ಕಳಿಸಿತು: ‘ಕೊಡು’. ಆ ಉತ್ತರ ದಾರಿಯಲ್ಲಿರುವಾಗ ಲೈನ್ ಹೋಯಿತು. ಯಂತ್ರ ಸ್ವಲ್ಪ ಹೊತ್ತು ಕಾಯ್ದು ನೋಡಿ, ಕಾರ್ಡ್ ತೆಗೆದುಕೊಳ್ಳಿ ಅಂತ ಹೇಳಿ ಸುಮ್ಮನಾಯಿತು. ಈಗ ಬ್ಯಾಂಕಿನ ಪ್ರಕಾರ ದುಡ್ಡು ನಿಮ್ಮ ಜೇಬಿನಲ್ಲಿದೆ. ಯಂತ್ರದ ಪ್ರಕಾರ ಪೆಟ್ಟಿಗೆಯಲ್ಲಿದೆ.

ಇಂಥ ಹೊತ್ತಿಗೆ ಅಂತಲೇ ಇನ್ನೊಂದು ಸಂದೇಶ ಇದೆ, 0420. ‘ಮೊದಲು ಹೇಳಿದ್ದು ರದ್ದು, ಕಳೆದಿದ್ದನ್ನು ವಾಪಸ್ ಹಾಕು’ ಅನ್ನುವುದು. ಇದೂ ತಲುಪಿತೋ ಇಲ್ಲವೋ ಗೊತ್ತಾಗದಿದ್ದರೆ ಅದನ್ನೇ ಮತ್ತೆ ಕಳಿಸುತ್ತಾರೆ. ಆದರೆ ಈ ಸಲ ಅದರ ನಂಬರ್ 0421. ಕೊನೆಯ ಆ ಒಂದು ಅಂದರೆ, ‘ಇದು ಹೊಸ ಮಾತಲ್ಲ, ಹಳೆಯದನ್ನೇ ಇನ್ನೊಮ್ಮೆ ಹೇಳುತ್ತಿದ್ದೇನೆ’ ಅಂತ. ಎಷ್ಟು ಸಲ ಹೇಳಿದರೂ ದುಡ್ಡು ಒಂದೇ ಸಲ ವಾಪಸ್ ಹೋಗಬೇಕಲ್ಲ, ಅದಕ್ಕೆ ಮೂಲ ವ್ಯವಹಾರದ ಗುರುತಿನ ಸಂಖ್ಯೆಯನ್ನೂ ಜೊತೆಗೆ ಕಟ್ಟಿರುತ್ತಾರೆ. ನೀವು ಹೊಡೆದು ಹಾಕುತ್ತಿದ್ದ ಪುನರುಕ್ತಿಗೆ ನಮ್ಮವರು ಒಂದು ಅಂಕಿಯನ್ನೇ ಮೀಸಲಿಟ್ಟಿದ್ದಾರೆ ನೋಡಿ.

ನಿಮ್ಮ ದುಡ್ಡು ಬರಲು ಮೂರು ದಿನ ಬೇಕಾಯಿತು ಅಂದರೆ ಅದೂ ತಲುಪಿರಲಿಕ್ಕಿಲ್ಲ. ಆಗ ಲೆಕ್ಕ ಹೊಂದಿಸುವ ಹುಡುಗರು ಬರುತ್ತಾರೆ. ಅವರ ಮುಂದೆ ನಾಲ್ಕು ಪುಸ್ತಕ. ಒಂದು, ಯಂತ್ರ ತನ್ನೊಳಗೇ ಬರೆದುಕೊಳ್ಳುವ ಜರ್ನಲ್. ಮೊದಲು ಇದು ಒಳಗಡೆ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು, ಈಗ ಫೈಲು. ಇನ್ನೊಂದು, ಸ್ವಿಚ್ಚಿನ ಪಟ್ಟಿ. ಮತ್ತೊಂದು, ನಿಮ್ಮ ಖಾತೆಯ ಲೆಡ್ಜರ್. ನಾಲ್ಕನೆಯದು ಪುಸ್ತಕವೇ ಅಲ್ಲ, ಕ್ಯಾಸೆಟ್ಟಿನಲ್ಲಿ, ಅಂದರೆ ಯಂತ್ರದೊಳಗಿನ ನೋಟಿನ ಪೆಟ್ಟಿಗೆಯಲ್ಲಿ, ಉಳಿದಿರುವ ನೋಟು. ದುಡ್ಡು ತುಂಬಲು ಬಂದವರು ಎಣಿಸಿದಾಗ, ಇರಬೇಕಾದುದಕ್ಕಿಂತ ಐನೂರರ ಹತ್ತು ನೋಟು ಜಾಸ್ತಿ. ‘ಎಕ್ಸೆಸ್ ಕ್ಯಾಶ್’ ಅಂತ ಬರೆದುಕೊಳ್ಳುತ್ತಾರೆ. ಲೆಡ್ಜರ್ ಕೊಟ್ಟಿದ್ದೇನೆ ಅನ್ನುತ್ತದೆ, ಜರ್ನಲ್ ಕೊಟ್ಟಿಲ್ಲ ಅನ್ನುತ್ತದೆ, ನೋಟು ಜರ್ನಲ್ ಪರವಾಗಿ ಸಾಕ್ಷಿ ಹೇಳುತ್ತದೆ. ಅಲ್ಲಿಗೆ ತೀರ್ಮಾನ.

ಹಾಗಾಗಿ ಬ್ಯಾಂಕಿಗೆ ಯಾರೂ ಹೇಳಲಿಲ್ಲ ಮೇಷ್ಟ್ರೇ. ಒಂದೇ ಮಾತನ್ನು ನಾಲ್ಕು ಕಡೆ ಬರೆದಿದ್ದರು, ಒಂದು ಕಡೆ ಹೊಂದಲಿಲ್ಲ. ಎಲ್ಲಾ ಸರಿಯಿದ್ದ ದಿನ ಆ ನಾಲ್ಕರಲ್ಲಿ ಮೂರು ದಂಡ. ಕೆಟ್ಟ ದಿನ ಒಂದೂ ದಂಡ ಅಲ್ಲ.

ಸಾಕ್ಷಿ ಒಂದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೂ ಎಟಿಎಂ ಇತಿಹಾಸದಲ್ಲೇ ಉದಾಹರಣೆ ಇದೆ. ಮೊದಲೆಲ್ಲ ದುಡ್ಡು ಹೊರಗೆ ಬಂದ ಮೇಲೆ ಸ್ವಲ್ಪ ಹೊತ್ತು ತೆಗೆದುಕೊಳ್ಳದಿದ್ದರೆ ಯಂತ್ರ ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಮರೆತು ಹೋದವರ ದುಡ್ಡು ಉಳಿಯಲಿ ಅಂತ ಮಾಡಿದ್ದು. ಕೆಲವರು ಏನು ಮಾಡಿದರು ಗೊತ್ತಾ? ಕಂತೆಯ ಮೇಲಿನ ನೋಟು, ಕೆಳಗಿನ ನೋಟು ಹಾಗೇ ಬಿಟ್ಟು ನಡುವಿನದನ್ನು ಮೆಲ್ಲಗೆ ಎಳೆದುಕೊಂಡರು. ಯಂತ್ರ ಉಳಿದಿದ್ದನ್ನು ಒಳಗೆಳೆದು, ‘ದುಡ್ಡು ತೆಗೆದುಕೊಂಡಿಲ್ಲ’ ಅಂತ ಬರೆದುಕೊಂಡಿತು. ಒಳಗೆ ಬಂದ ನೋಟನ್ನು ಅದು ಎಣಿಸುತ್ತಿರಲಿಲ್ಲ. ಖಾತೆಗೆ ಪೂರ್ತಿ ಮೊತ್ತ ವಾಪಸ್, ಜೇಬಿನಲ್ಲಿ ನಡುವಿನ ನೋಟು. ಕೊನೆಗೆ ನಮ್ಮ ದೇಶದಲ್ಲಿ ಆ ಎಳೆದುಕೊಳ್ಳುವ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು.

ಈಗ ನಿಮ್ಮ ಅಸಲು ಪ್ರಶ್ನೆಗೆ ಬರುತ್ತೇನೆ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಬಂದ ಬಸ್ಸಿನ ಬೋರ್ಡಿನಲ್ಲಿ ನಡುವಿನ ಅಕ್ಷರ ಅಳಿಸಿಹೋಗಿ ಬರೀ ‘ಅರ–ಕೆರೆ’ ಉಳಿದಿದೆ. ನೀವು ಅರಸೀಕೆರೆ ಅಂತಲೇ ಓದುತ್ತೀರಿ, ಹತ್ತುತ್ತೀರಿ. ಅದೇ ಬಸ್ಸಿನ ನಂಬರಿನಲ್ಲಿ ಒಂದು ಅಂಕಿ ಅಳಿಸಿದ್ದರೆ? ಅದು ಯಾವ ಅಂಕಿ ಅಂತ ಬ್ರಹ್ಮನಿಗೂ ಹೇಳಲು ಬರುವುದಿಲ್ಲ. ಪದದಲ್ಲಿ ಒಂದು ಅಕ್ಷರ ಪಕ್ಕದ ಅಕ್ಷರದ ಸುಳಿವು ಕೊಡುತ್ತದೆ. ಅಂಕಿಯಲ್ಲಿ ಪ್ರತಿಯೊಂದೂ ಒಂಟಿ. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಇದನ್ನೇ ಲೆಕ್ಕ ಹಾಕಿ, ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಸುಮಾರು ಅರ್ಧದಷ್ಟು ಹೀಗೆ ಮೊದಲೇ ಊಹಿಸಬಹುದಾದದ್ದು ಅಂದರು. ಕನ್ನಡದ ಲೆಕ್ಕ ಬೇರೆ ಇದ್ದೀತು. ಆದರೆ ನಮ್ಮಲ್ಲೂ ಇದು ಧಾರಾಳವಾಗಿದೆ. ‘ಅವಳು ಬಂದಳು’ ಅನ್ನುವಲ್ಲಿ ಹೆಣ್ಣು ಅನ್ನುವುದನ್ನು ಎರಡು ಸಲ ಹೇಳುತ್ತೇವೆ. ಫೋನ್ ಕಟ್ ಕಟ್ ಆಗುವಾಗ ‘...ಬಂದಳು’ ಅಂತ ಬಾಲ ಮಾತ್ರ ಕೇಳಿಸಿದರೂ ಬಂದದ್ದು ಮಗಳು, ಅಳಿಯ ಅಲ್ಲ ಅಂತ ಗೊತ್ತಾಗುತ್ತದೆ. ಬೇಡದ ಕಡೆ ನಾವು ಜಿಪುಣರೂ ಹೌದು. ಐದು ಅಂತ ಹೇಳಿದ ಮೇಲೆ ‘ಐದು ಮರಗಳು’ ಅನ್ನುವ ಗೋಜಿಗೆ ಹೋಗದೆ ‘ಐದು ಮರ’ ಅಂತ ಮುಗಿಸುತ್ತೇವೆ.

ಮಾತಿನಲ್ಲಿ ಹೇಳುವ ಲೆಕ್ಕದಲ್ಲೂ ಅಪಾಯ ಇಲ್ಲದಿಲ್ಲ. ಇಪ್ಪತ್ತು, ಎಪ್ಪತ್ತು. ಗದ್ದಲದಲ್ಲಿ ಇವೆರಡನ್ನು ಬೇರೆ ಮಾಡಿ ಕೇಳಿಸಿಕೊಳ್ಳಿ ನೋಡೋಣ! ಕೊಬ್ಬರಿ ಮಂಡಿಯಲ್ಲಿ ಫೋನಿನ ಮೇಲೆ ವ್ಯಾಪಾರ ಮಾಡುವವರು ‘ಎಪ್ಪತ್ತು, ಏಳು ಸೊನ್ನೆ’ ಅಂತ ಎರಡು ಸಲ ಹೇಳುವುದು ಅದಕ್ಕೇ. ಚೆಕ್ಕಿನ ಮೇಲೆ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸುವುದೂ ಅದಕ್ಕೇ. ಎರಡೂ ಬೇರೆ ಬೇರೆ ಇದ್ದರೆ ಅಕ್ಷರದಲ್ಲಿ ಬರೆದದ್ದೇ ನಿಲ್ಲುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಂಕಿಗೆ ಒಂದು ಸೊನ್ನೆ ಸೇರಿಸುವುದು ಸುಲಭ, ‘ಐದು ಸಾವಿರ’ವನ್ನು ‘ಐವತ್ತು ಸಾವಿರ’ ಮಾಡಲು ಜಾಗ ಬೇಕು, ಧೈರ್ಯ ಬೇಕು. ಒಟ್ಟಿನಲ್ಲಿ ಕಾನೂನೇ ಪುನರುಕ್ತಿ ಮಾಡಿ ಅನ್ನುತ್ತಿದೆ.

ಹಾಗಾದರೆ ಒಂಟಿ ಅಂಕಿಗಳಿಗೆ ಏನು ಮಾಡುವುದು? ಭಾಷೆಯಲ್ಲಿ ತಾನಾಗಿ ಇರುವುದನ್ನು ಇಲ್ಲಿ ಕೈಯಾರೆ ಸೇರಿಸಬೇಕು. ನಿಮ್ಮ ಕಾರ್ಡ್ ತೆಗೆದು ನೋಡಿ. ಮೇಲಿನ ಅಂಕಿಗಳ ಸಾಲಿನಲ್ಲಿ ಕೊನೆಯದು ಖಾತೆಯ ಬಗ್ಗೆ ಏನೂ ಹೇಳುವುದಿಲ್ಲ. ಅದು ಉಳಿದ ಅಂಕಿಗಳ ಕಾವಲಿಗೆ ಇದೆ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಇದು. ಉದ್ದದ ಸಂಖ್ಯೆ ಬೇಡ, 45724 ತೆಗೆದುಕೊಳ್ಳಿ. ಕೊನೆಯ 4 ಕಾವಲುಗಾರ. ಅದರ ಪಕ್ಕದಿಂದ ಎಡಕ್ಕೆ ಹೋಗುತ್ತಾ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ. 2 ಇದ್ದದ್ದು 4 ಆಯಿತು. 7 ಹಾಗೇ ಇರಲಿ. 5 ಇದ್ದದ್ದು 10 ಆಯಿತು, ಎರಡಂಕಿ ಬಂದರೆ ಕೂಡಿಸಿ, 1. ಕೊನೆಗೆ 4 ಹಾಗೇ. ನಾಲ್ಕು, ಏಳು, ಒಂದು, ನಾಲ್ಕು, ಒಟ್ಟು 16. ಕಾವಲುಗಾರ 4 ಸೇರಿ 20. ಕೊನೆಯಲ್ಲಿ ಸೊನ್ನೆ ಬಂತು, ಸಂಖ್ಯೆ ಸರಿ. ಈಗ ಅವಸರದಲ್ಲಿ 7 ಮತ್ತು 2 ಹಿಂದುಮುಂದಾಗಿ 45274 ಅಂತ ಒತ್ತಿದಿರಿ ಅಂದುಕೊಳ್ಳಿ. ಅದೇ ಲೆಕ್ಕ ಮಾಡಿದರೆ 16 ಬರುತ್ತದೆ, ಸೊನ್ನೆ ಇಲ್ಲ. ಬ್ಯಾಂಕಿನವರೆಗೂ ಹೋಗದೆ ಅಲ್ಲೇ ಸಿಕ್ಕಿಬಿದ್ದಿತು.

ಒಂದಂಕಿ ತಪ್ಪಿದರೆ ಲೂನ್ ಲೆಕ್ಕ ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿ ಅದಲುಬದಲಾದರೂ ಹಿಡಿಯುತ್ತದೆ, 09 ಮತ್ತು 90 ಬಿಟ್ಟು. ಒಂಬತ್ತನ್ನು ಇಮ್ಮಡಿ ಮಾಡಿದರೆ 18, ಕೂಡಿಸಿದರೆ ಮತ್ತೆ ಒಂಬತ್ತೇ. ಸೊನ್ನೆಯದಂತೂ ಕೇಳಲೇಬೇಡಿ. ಹಾಗಾಗಿ ಆಧಾರ್ ಸಂಖ್ಯೆಗೆ ಇದಕ್ಕಿಂತ ಬಿಗಿಯಾದ, ವರ್ಹೂಫ್ ಅನ್ನುವ ಡಚ್ ಗಣಿತಜ್ಞರು 1969ರಲ್ಲಿ ಕೊಟ್ಟ ಲೆಕ್ಕ ಬಳಸಿದ್ದಾರೆ. ಆಧಾರ್‌ನ 12ನೇ ಅಂಕಿ ಆ ಕಾವಲುಗಾರ. ಪ್ಯಾನ್ ಕಾರ್ಡಿನ ಕೊನೆಯ ಅಕ್ಷರವೂ ಇದೇ ಕೆಲಸದ್ದು.

ಈಗ ‘ಎಟಿಎಂ ಮಷೀನ್’. ಇಂಗ್ಲಿಷಿನ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. ಆದರೆ ಕನ್ನಡದಲ್ಲಿ ಎಟಿಎಂ ಅಂದರೆ ಏನು? ಒಂದು ದಿನ ಸುಮ್ನೆ ಕಿವಿಗೊಟ್ಟು ಕೇಳಿ. ‘ಅಯ್ಯೋ, ಎಟಿಎಂ ಮನೇಲೇ ಬಿಟ್ಟು ಬಂದೆ’ ಅಂದರೆ ಕಾರ್ಡು. ‘ಎಟಿಎಂ ಒಳಗೆ ಯಾರೋ ಇದ್ದಾರೆ, ತಡಿ’ ಅಂದರೆ ಕೋಣೆ. ‘ಎಟಿಎಂ ಹತ್ರ ನಿಂತಿರು, ಬರ್ತೀನಿ’ ಅಂದರೆ ಬೀದಿಯ ಒಂದು ಗುರುತು. ‘ಎಟಿಎಂ ದುಡ್ಡು ನುಂಗ್ತು’ ಅಂದಾಗ ಮಾತ್ರ ಯಂತ್ರ. ನಮ್ಮ ಬಾಯಿಗೆ ಬಂದ ಮೇಲೆ ಆ ‘ಎಂ’ ತನ್ನ ಅರ್ಥ ಕಳೆದುಕೊಂಡಿದೆ. ಯಂತ್ರವನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವವರು ಯಾರೂ ಇಲ್ಲ, ಅಲ್ವಾ? ಹಾಗಾಗಿ ‘ಎಟಿಎಂ ಮಷೀನ್’ ಅಂದವನು ಹೇಳಿದ್ದನ್ನೇ ಹೇಳುತ್ತಿಲ್ಲ. ನಾಲ್ಕರಲ್ಲಿ ಯಾವುದು ಅಂತ ಬೆರಳು ಮಾಡಿ ತೋರಿಸುತ್ತಿದ್ದಾನೆ.

ಪಿನ್ನಿನ ಕಥೆ ಇನ್ನೂ ಚೆನ್ನಾಗಿದೆ. ಸೀರೆಗೆ ಹಾಕುವುದೂ ಪಿನ್. ‘ಸಣ್ಣ ಪಿನ್ ಚಾರ್ಜರ್ ಇದ್ಯಾ?’ ಅಂತ ಅಂಗಡಿಯಲ್ಲಿ ಕೇಳುವುದೂ ಪಿನ್. ಅದರ ಮೇಲೆ 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಆರಂಕಿಯ ಪಿನ್ ತಂದಿತು. ನಿಮ್ಮ ಊರಿನ 572201 ಅದೇ. ಅಲ್ಲಿ ಪಿನ್ ಅಂದರೆ ಪೋಸ್ಟಲ್ ಇಂಡೆಕ್ಸ್ ನಂಬರ್. ಬ್ಯಾಂಕಿನ ಪಿನ್ ಪರ್ಸನಲ್ ಐಡೆಂಟಿಫಿಕೇಷನ್ ನಂಬರ್. ಎರಡರಲ್ಲೂ ಕೊನೆಗೆ ನಂಬರೇ. ಜನ ಏನು ಮಾಡಿದರು ನೋಡಿ. ಅಂಚೆಯದಕ್ಕೆ ‘ಕೋಡ್’ ಹಚ್ಚಿದರು, ಬ್ಯಾಂಕಿನದಕ್ಕೆ ‘ನಂಬರ್’ ಹಚ್ಚಿದರು. ‘ಪಿನ್ ಕೋಡ್ ಹೇಳಿ’ ಅಂದರೆ ಎಲ್ಲರೂ ಧೈರ್ಯವಾಗಿ ಹೇಳುತ್ತಾರೆ. ‘ಪಿನ್ ನಂಬರ್ ಹೇಳಿ’ ಅಂದರೆ ಹುಷಾರಾಗುತ್ತಾರೆ. ಯಾವ ಸಮಿತಿಯೂ ಕೂತು ತೀರ್ಮಾನಿಸಿದ್ದಲ್ಲ ಇದು. ನೀವು ಹೊಡೆದು ಹಾಕುತ್ತಿರುವ ಆ ‘ನಂಬರ್’ ಒಂದು ಸಣ್ಣ ಭದ್ರತಾ ವ್ಯವಸ್ಥೆ ಅಂದರೂ ತಪ್ಪಿಲ್ಲ.

ನೀವೇ ಅಂಕ ಕೊಟ್ಟು ಕಲಿಸಿದ ‘ಮೊಟ್ಟಮೊದಲು’, ‘ಕಟ್ಟಕಡೆ’, ‘ನಟ್ಟನಡು’ ಎಲ್ಲಾ ಏನು? ‘ಉದ್ಯಾನವನ’ದಲ್ಲಿ ಉದ್ಯಾನ ಆದ ಮೇಲೆ ವನ ಯಾಕೆ? ಬಿಳಿಗಿರಿರಂಗನ ಬೆಟ್ಟದಲ್ಲಿ ಗಿರಿಯೂ ಇದೆ, ಬೆಟ್ಟವೂ ಇದೆ. ರಂಗನಾಥ ಬೇಜಾರು ಮಾಡಿಕೊಂಡ ಹಾಗಿಲ್ಲ. ಹಾಗಂತ ಎಲ್ಲಾ ಪುನರುಕ್ತಿಗೂ ನಾನು ವಕೀಲನಲ್ಲ. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ’ ಅಂತ ಶುರುವಾಗುವ ಪತ್ರಗಳನ್ನು ಮೂಟೆಗಟ್ಟಲೆ ಓದಿದ್ದೇನೆ. ಆ ಸಾಲನ್ನು ತೆಗೆದರೆ ಯಾರಿಗೂ ಏನೂ ನಷ್ಟವಿಲ್ಲ, ಬಿಟ್ಟರೆ ಯಾರಿಗೂ ಏನೂ ಲಾಭವಿಲ್ಲ. ನಿಮ್ಮ ಕೆಂಪು ಇಂಕು ಅಲ್ಲಿ ಖರ್ಚಾಗಲಿ. ನಾನು ಕೇಳುವ ಪ್ರಶ್ನೆ ಇಷ್ಟೇ: ಈ ಹೆಚ್ಚಿನ ಮಾತು ಯಾರಿಗೆ ಹೆಚ್ಚು? ಹೇಳುವವನಿಗೆ ಹೆಚ್ಚಾಗಿದ್ದು ಕೇಳುವವನಿಗೆ ಬೇಕೇ ಬೇಕಾಗಿರಬಹುದು.

ಎಟಿಎಂ ಭದ್ರತೆಯೆಲ್ಲಾ ನಿಂತಿರುವುದು ಈ ‘ಯಾರಿಗೆ’ ಅನ್ನುವುದರ ಮೇಲೆ. ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿ ನೋಡಿ. ಬ್ಯಾಂಕಿಗೆ ಅದರಲ್ಲಿ ಹೊಸದೇನೂ ಇಲ್ಲ. ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇಂಥವನ್ನು ತನ್ನ ಗುಟ್ಟಿನ ಕೀಲಿಯೊಂದಿಗೆ ಸೇರಿಸಿ ಲೆಕ್ಕ ಹಾಕಿದರೆ ಅದೇ ಮೂರಂಕಿ ಬರುತ್ತದೆ. ಕಳ್ಳನಿಗೆ ಆ ಕೀಲಿ ಗೊತ್ತಿಲ್ಲ, ಹಾಗಾಗಿ ಅವನಿಗೆ ಅದು ಪೂರ್ತಿ ಹೊಸದು. ಲೂನ್ ಅಂಕಿ ಹಾಗಲ್ಲ. ಅದಕ್ಕೆ ಕೀಲಿಯೇ ಇಲ್ಲ, ನೀವೇ ಈಗ ಕಲಿತಿರಿ, ಕಳ್ಳನೂ ಕಲಿಯುತ್ತಾನೆ. ಲೂನ್ ಅಂಕಿ ಕೈತಪ್ಪಿನಿಂದ ಕಾಯುತ್ತದೆ, ಸಿವಿವಿ ಮೋಸದಿಂದ. ಇವೆರಡನ್ನು ಒಂದೇ ಅಂದುಕೊಂಡು ಕೆಟ್ಟ ಎಂಜಿನಿಯರುಗಳನ್ನು ನಾನು ನೋಡಿದ್ದೇನೆ.

ಪಿನ್ನಿಗೆ ಬಂದಾಗ ನ್ಯಾಯ ತಿರುಗಿಬೀಳುತ್ತದೆ. ಗುಟ್ಟಿನಲ್ಲಿ ಪುನರುಕ್ತಿ ಇರಲೇಬಾರದು. ನಾಲ್ಕಂಕಿಯೇ ಯಾಕೆ ಅನ್ನುವುದಕ್ಕೆ ಒಂದು ಮನೆಮಾತಿನ ಕಥೆ ಇದೆ. ಬಾರ್ಕ್ಲೇಸ್ ಬ್ಯಾಂಕಿನ ಮೊದಲ ಯಂತ್ರ 1967ರ ಜೂನ್ 27ರಂದು ಉತ್ತರ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಶುರುವಾಯಿತು. ಅದನ್ನು ರೂಪಿಸಿದ ಜಾನ್ ಶೆಪರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಅವರು ಮೊದಲು ಆರಂಕಿ ಇಡಬೇಕು ಅಂತಿದ್ದರು. ಅಡುಗೆಮನೆಯ ಮೇಜಿನ ಹತ್ತಿರ ಹೆಂಡತಿಯನ್ನು ಕೇಳಿದರೆ ಆಕೆ, ನನಗೆ ನಾಲ್ಕಂಕಿಯಷ್ಟೇ ನೆನಪಿರುವುದು ಅಂದರಂತೆ. ಅಲ್ಲಿಗೆ ನಾಲ್ಕಾಯಿತು. ಅದಕ್ಕೂ ಮುಂಚೆ, 1966ರಲ್ಲೇ, ಜೇಮ್ಸ್ ಗುಡ್‌ಫೆಲೋ ಅನ್ನುವ ಸ್ಕಾಟ್ಲೆಂಡಿನ ಎಂಜಿನಿಯರ್ ಕಾರ್ಡು ಮತ್ತು ಗುಟ್ಟಿನ ಸಂಖ್ಯೆಯ ಉಪಾಯಕ್ಕೆ ಪೇಟೆಂಟ್ ಕೇಳಿದ್ದರು. ಯಾರು ಮೊದಲು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ನಾಲ್ಕಂಕಿಯಲ್ಲಿ 10,000 ಸಾಧ್ಯತೆ, ಕಳ್ಳನಿಗೆ ಮೂರು ಅವಕಾಶ. ಇದು ಸಾಕು, ಜನ ಅಂಕಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡಿದ್ದರೆ. ಆದರೆ ಹುಟ್ಟಿದ ದಿನ, ಹುಟ್ಟಿದ ವರ್ಷ ಇಟ್ಟುಕೊಳ್ಳುವವರೇ ಬಹಳ. ಪರ್ಸಿನಲ್ಲಿ ಕಾರ್ಡಿನ ಪಕ್ಕದಲ್ಲೇ ಆಧಾರ್, ಡ್ರೈವಿಂಗ್ ಲೈಸೆನ್ಸ್. ಅದರಲ್ಲಿ ಅದೇ ತಾರೀಖು ಅಚ್ಚಾಗಿದೆ. ಗುಟ್ಟನ್ನು ಎರಡು ಸಲ ಬರೆದ ಹಾಗಾಯಿತು. ಕೇಂಬ್ರಿಜ್‌ನ ಸಂಶೋಧಕರು 2012ರಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. ಹುಟ್ಟಿದ ದಿನದ ದಾಖಲೆಯೂ ಒಳಗಿದ್ದರೆ, ಕದ್ದ 11ರಿಂದ 18 ಪರ್ಸುಗಳಲ್ಲಿ ಒಂದರ ಪಿನ್ ಊಹಿಸಲು ಆಗುತ್ತದೆ ಅಂದರು. ಜೇಬುಗಳ್ಳನಿಗೆ ಅದು ಒಳ್ಳೆಯ ಸಂಪಾದನೆ.

ಯಂತ್ರದೊಳಗೂ ಇದೇ ಎಚ್ಚರ. ನೀವು ಒತ್ತಿದ ಪಿನ್ನನ್ನು ಕೀಪ್ಯಾಡ್ ತನ್ನೊಳಗೇ ಗೂಢಲಿಪಿ ಮಾಡಿ ಹೊರಗೆ ಬಿಡುತ್ತದೆ. ಯಾರಾದರೂ ಬಿಚ್ಚಲು ಹೋದರೆ ಒಳಗಿನ ಕೀಲಿಯನ್ನು ತಾನೇ ಅಳಿಸಿಕೊಳ್ಳುತ್ತದೆ. ಆದರೆ ಇಬ್ಬರು ಒಂದೇ ಪಿನ್ ಇಟ್ಟುಕೊಂಡಿದ್ದರೆ? ಗೂಢಲಿಪಿಯೂ ಒಂದೇ ಥರ ಬಂದೀತು, ಲೈನಿನಲ್ಲಿ ಕದ್ದು ನೋಡುವವನಿಗೆ ಅದೇ ಸುಳಿವು. ಅದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಪಿನ್ ಜೊತೆ ಕಾರ್ಡಿನ 12 ಅಂಕಿಗಳನ್ನು ಬೆರೆಸುತ್ತಾರೆ. ಯಾವ ಹನ್ನೆರಡು ಗೊತ್ತಾ? ಬಲತುದಿಯ ಕಾವಲು ಅಂಕಿಯನ್ನು ಬಿಟ್ಟು ಅದರ ಹಿಂದಿನವು. ಉಳಿದವುಗಳಿಂದ ಲೆಕ್ಕ ಹಾಕಿ ಪಡೆಯಬಹುದಾದ ಅಂಕಿ ಬೆರಕೆಗೆ ಏನನ್ನೂ ಸೇರಿಸುವುದಿಲ್ಲವಲ್ಲ. ಒಂದು ಕಡೆ ಕಾವಲುಗಾರ ಅಂತ ನೇಮಿಸಿದ್ದೇವೆ, ಇನ್ನೊಂದು ಕಡೆ ಅವನನ್ನೇ ಬಾಗಿಲಾಚೆ ನಿಲ್ಲಿಸಿದ್ದೇವೆ. ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ವಿವರ ಇದು.

ಎರಡೆರಡು ಇದ್ದ ಮಾತ್ರಕ್ಕೆ ಸುರಕ್ಷಿತ ಅಂತಲೂ ತಿಳಿಯಬೇಡಿ. ಎಟಿಎಂನ ಖಜಾನೆ ಬಾಗಿಲಿನ ಸಂಖ್ಯೆಯನ್ನು ಇಬ್ಬರಿಗೆ ಅರ್ಧರ್ಧ ಕೊಡುವ ಪದ್ಧತಿ ಇದೆ. ಒಬ್ಬ ಡಯಲ್ ತಿರುಗಿಸುವಾಗ ಇನ್ನೊಬ್ಬ ಗೋಡೆ ನೋಡಿಕೊಂಡು ನಿಲ್ಲಬೇಕು. ಒಂದು ಊರಿನಲ್ಲಿ ತಪಾಸಣೆಗೆ ಹೋದಾಗ ಎರಡೂ ಅರ್ಧಗಳು ಯಂತ್ರದ ಹಿಂದೆ ನೇತುಹಾಕಿದ್ದ ಕ್ಯಾಲೆಂಡರಿನ ಹಾಳೆಯಲ್ಲಿ ಒಟ್ಟಿಗೇ ಸಿಕ್ಕವು. ಇನ್ನೊಂದು ಕಡೆ ಎರಡು ಕಂಪನಿಗಳಿಂದ ಎರಡು ಲೈನ್ ತೆಗೆದುಕೊಂಡು ಹೆಮ್ಮೆಯಿಂದ ಇದ್ದೆವು. ರಸ್ತೆ ಅಗೆಯಲು ಬಂದ ಜೆಸಿಬಿ ಎರಡನ್ನೂ ಒಂದೇ ಏಟಿಗೆ ಕಿತ್ತಿತು. ಎರಡೂ ಕೇಬಲ್ ಒಂದೇ ಗುಂಡಿಯಲ್ಲಿ ಮಲಗಿದ್ದವು. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿ ಒಂದು ನಿಮಿಷವೂ ಆಗದೆ ಸಿಡಿಯಿತು. ದಿಕ್ಕು ತಿಳಿಸುವ ಕಂಪ್ಯೂಟರು ಎರಡಿದ್ದವು, ಒಂದು ಕೆಟ್ಟರೆ ಇರಲಿ ಅಂತ ಇನ್ನೊಂದು. ಎರಡರಲ್ಲೂ ಇದ್ದದ್ದು ಒಂದೇ ಪ್ರೋಗ್ರಾಂ. ಒಂದನ್ನು ಕೆಡವಿದ ಲೆಕ್ಕವೇ ಇನ್ನೊಂದನ್ನೂ ಕೆಡವಿತು.

ನಮ್ಮ ದೇಶದ ಎಟಿಎಂ ಲೋಕಕ್ಕೆ ಬಿದ್ದ ದೊಡ್ಡ ಏಟು 2018ರ ಆಗಸ್ಟಿನದು. ಪುಣೆಯ ಕಾಸ್ಮೋಸ್ ಬ್ಯಾಂಕಿನ ಕಂಪ್ಯೂಟರುಗಳೊಳಗೆ ಹೊಕ್ಕ ಕಳ್ಳರು ನಕಲಿ ಸ್ವಿಚ್ ಒಂದನ್ನು ಕೂರಿಸಿದರು. ನಾನು ಮೇಲೆ ಹೇಳಿದ ‘ಕೊಡಲಾ?’ ಅನ್ನುವ ಪ್ರಶ್ನೆ ಅಸಲಿ ಖಾತೆಗಳವರೆಗೆ ಹೋಗಲೇ ಇಲ್ಲ. ನಕಲಿ ಸ್ವಿಚ್ ತಾನೇ ‘ಕೊಡು’ ಅನ್ನುತ್ತಿತ್ತು. ಆಗಸ್ಟ್ 11ರಂದು ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳ ಮುಂದೆ ನಕಲಿ ಕಾರ್ಡ್ ಹಿಡಿದು ನಿಂತ ಜನ ದುಡ್ಡು ಬಾಚಿದರು. ಎರಡು ದಿನ ಬಿಟ್ಟು ಬೇರೆ ದಾರಿಯಲ್ಲಿ ಹಾಂಗ್‌ಕಾಂಗಿಗೆ ಹೋದದ್ದೂ ಸೇರಿ ಒಟ್ಟು 94 ಕೋಟಿ ರೂಪಾಯಿಗೂ ಮೇಲೆ. ಪ್ರತಿಯೊಂದು ಯಂತ್ರವೂ ನಿಯಮದ ಪ್ರಕಾರವೇ ಕೆಲಸ ಮಾಡಿತು. ಕೇಳಿತು, ‘ಕೊಡು’ ಅಂದದ್ದಕ್ಕೆ ಕೊಟ್ಟಿತು. ಆ ‘ಕೊಡು’ವಿಗೆ ಆ ಹೊತ್ತಿನಲ್ಲಿ ಎರಡನೇ ಸಾಕ್ಷಿ ಇರಲಿಲ್ಲ.

ನಿಮಗೆ ಇನ್ನೊಮ್ಮೆ ಹೀಗೆ ದುಡ್ಡು ಕಟ್ ಆದರೆ ಇಷ್ಟು ಮಾಡಿ. ಪಕ್ಕದಲ್ಲಿ ನಿಂತು ‘ನಾನು ನೋಡ್ತೀನಿ ಕೊಡಿ ಸಾರ್’ ಅನ್ನುವವನ ಕೈಗೆ ಕಾರ್ಡ್ ಕೊಡಬೇಡಿ. ಕಾರ್ಡ್ ಅದಲುಬದಲು ಮಾಡುವವರು ಕಾಯುವುದೇ ಆ ಗಳಿಗೆಗೆ. ಚೀಟಿ ಬಂದಿದ್ದರೆ ಇಟ್ಟುಕೊಳ್ಳಿ, ಬರದಿದ್ದರೆ ಮೊಬೈಲಿನ ಮೆಸೇಜ್ ಅಳಿಸಬೇಡಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ವ್ಯವಹಾರ ನಡೆದ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ವಾಪಸ್ ಬರಬೇಕು. ಬರದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಬ್ಯಾಂಕೇ ಸೇರಿಸಿ ಕೊಡಬೇಕು, ನೀವು ದೂರು ಕೊಡದಿದ್ದರೂ. ಆದರೂ ಆರನೇ ದಿನ ಹೋಗಿ ಕೇಳಿ. ಚೀಟಿಯಲ್ಲಿ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ, ಅದನ್ನು ಹಿಡಿದರೆ ಮೇಲೆ ಹೇಳಿದ ಮೂರು ಪುಸ್ತಕದಲ್ಲೂ ನಿಮ್ಮ ಸಾಲು ಸಿಗುತ್ತದೆ. ರಿಟ್ರೀವಲ್ ರೆಫರೆನ್ಸ್ ನಂಬರ್ ಅಂತ ಅದರ ಹೆಸರು, ಚಿಕ್ಕದಾಗಿ ಆರ್‌ಆರ್‌ಎನ್. ಕೌಂಟರಿನಲ್ಲಿ ‘ಆರ್‌ಆರ್‌ಎನ್ ನಂಬರ್ ಇಲ್ಲಿದೆ’ ಅಂತಲೇ ಹೇಳಿ. ಶುದ್ಧವಾಗಿ ಬರೀ ‘ಆರ್‌ಆರ್‌ಎನ್’ ಅಂದರೆ, ಆ ಕಡೆ ಕೂತಿರುವ ಹುಡುಗ ತಲೆಯೆತ್ತಿ ‘ಏನ್ ಸಾರ್?’ ಅಂತಾನೆ.